ಮುಳುಗುವಿಕೆ ಸಂಶೋಧನೆ: ಎಣಿಕೆ ತಪ್ಪುವುದು ಹುಡುಕುಪದದಲ್ಲೇ

ಸಂಶೋಧನಾ ಲೇಖನಗಳ ದತ್ತಸಂಚಯವಾದ ಸ್ಕೋಪಸ್‌ನಲ್ಲಿ ‘ಡ್ರೌನಿಂಗ್’ (ಮುಳುಗುವಿಕೆ) ಎಂದಷ್ಟೇ ಹುಡುಕಿ, ಯಾವ ದೇಶದಿಂದ ಎಷ್ಟು ಲೇಖನ ಬಂದಿವೆ ಎಂಬ ಪಟ್ಟಿ ಮಾಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ‘ಮಾಹಿತಿಯಲ್ಲಿ ಮುಳುಗಿದ ವೈದ್ಯರು’ ಎಂಬಂಥ ರೂಪಕಗಳೂ ಸಮುದ್ರಮಟ್ಟ ಏರಿ ಮುಳುಗಿದ ಹವಳದಿಬ್ಬಗಳೂ ಅದೇ ಬಲೆಗೆ ಬೀಳುತ್ತವೆ. ಇತ್ತ ಬೇಕಾದವು ತಪ್ಪಿಹೋಗುತ್ತವೆ. ಮುಳುಗುವಿಕೆ ಕುರಿತ 2002ರ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದ ನಂತರ ‘ನಿಯರ್ ಡ್ರೌನಿಂಗ್’ (ಮುಳುಗಿಯೂ ಬದುಕುಳಿದದ್ದು) ಎಂಬ ಪದ ಬಳಸಬಾರದೆಂದಾದರೂ ಹಳೆಯ ಲೇಖನಗಳು ಇರುವುದು ಅದರಡಿಯಲ್ಲೇ. ಅದನ್ನೂ ‘ಸಬ್‌ಮರ್ಶನ್ ಇಂಜುರಿ’ (ನೀರಲ್ಲಿ ಮುಳುಗಿ ಆದ ಹಾನಿ) ಎಂಬುದನ್ನೂ ಸೇರಿಸಿ, ಶೀರ್ಷಿಕೆ, ಸಾರಾಂಶ, ಕೀವರ್ಡ್‌ಗಳಲ್ಲಿ ಮಾತ್ರ ಹುಡುಕಿ.

ಮೊದಲ 200 ಲೇಖನಗಳನ್ನು ಇಬ್ಬರು ಪ್ರತ್ಯೇಕವಾಗಿ ಜರಡಿ ಹಿಡಿಯಲಿ; ಇಬ್ಬರ ಆಯ್ಕೆ ಎಷ್ಟು ಹೊಂದುತ್ತದೆಂದು ತೋರುವ ಅಳತೆಯಾದ ಕಪ್ಪಾ 0.8ಕ್ಕಿಂತ ಕಡಿಮೆ ಬಂದರೆ ಆಯ್ಕೆಯ ನಿಯಮ ತಿದ್ದಿ. ಸಾವು ಮುಳುಗಿಯೇ ಆಯಿತೇ ಎಂದು ತಿಳಿಯಲು ಶವಪರೀಕ್ಷೆಯಲ್ಲಿ ಡಯಾಟಮ್ (ನೀರಿನ ಸೂಕ್ಷ್ಮ ಪಾಚಿ) ಹುಡುಕುವ ಅಧ್ಯಯನಗಳನ್ನು ಬೇರೆ ಇಡಿ, ಅವು ತಡೆಗಟ್ಟುವಿಕೆಯ ಸಂಶೋಧನೆಯಲ್ಲ. ವೈದ್ಯಕೀಯ ಲೇಖನಗಳ ದತ್ತಸಂಚಯ ಪಬ್‌ಮೆಡ್ ಅನ್ನೂ ಸೇರಿಸಿದರೆ ಡಿಒಐ (ಪ್ರತಿ ಲೇಖನದ ಗುರುತುಸಂಖ್ಯೆ) ನೋಡಿ ನಕಲು ತೆಗೆಯಿರಿ.

ಒಂದು ಲೇಖನಕ್ಕೆ ಮೂರು ದೇಶಗಳ ಲೇಖಕರಿದ್ದರೆ ಪ್ರತಿ ದೇಶಕ್ಕೆ ಮೂರನೇ ಒಂದು ಅಂಕ ಕೊಡಿ. ಇಷ್ಟಾದರೂ ಬರೀ ಲೇಖನಸಂಖ್ಯೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು, ಶೇ 90ಕ್ಕೂ ಹೆಚ್ಚು ಸಾವುಗಳು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ. ಆದ್ದರಿಂದ ಸಾವಿರ ಸಾವಿಗೆ ಎಷ್ಟು ಲೇಖನ ಎಂದು ಲೆಕ್ಕ ಹಾಕಿ. ಎಲ್ಲಿ ಸಂಶೋಧನೆಯೇ ತಲುಪಿಲ್ಲವೆಂಬುದು ಆಗ ಕಾಣುತ್ತದೆ.