ಮೆಟ್ಟಿಲು ಇಳಿಯುವಾಗ ಮಂಡಿ ನೋವು: ಆಪರೇಷನ್ ಬೇಕೇ?

ಪ್ರಶ್ನೆ: ವಯಸ್ಸು 38, ಬ್ಯಾಂಕ್ ಕೆಲಸ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡುತ್ತೇನೆ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಬೆಂಗಳೂರಿನ 10ಕೆ (10 ಕಿ.ಮೀ.) ಓಟಕ್ಕೆಂದು ಒಮ್ಮೆಲೇ ದೂರ ಹೆಚ್ಚಿಸಿದೆ. ಈಗ ಬಲಮಂಡಿ ಚಿಪ್ಪಿನ ಸುತ್ತ ನೋವು. ಮೆಟ್ಟಿಲು ಇಳಿಯುವಾಗ, ತುಂಬಾ ಹೊತ್ತು ಕೂತು ಏಳುವಾಗ ಜಾಸ್ತಿ. ಊತ ಇಲ್ಲ. ಎಂಆರ್‌ಐನಲ್ಲಿ ಚಿಪ್ಪಿನ ಹಿಂದಿನ ಮೃದ್ವಸ್ಥಿ ಮೆತ್ತಗಾಗಿದೆ ಎಂದಿದೆ. ಸಣ್ಣ ತೂತಿನ ಆಪರೇಷನ್‌ನಲ್ಲಿ ಕ್ಲೀನ್ ಮಾಡಿಸಿ ಎನ್ನುವವರೊಬ್ಬರು, ಓಟವನ್ನೇ ಬಿಡಿ ಎನ್ನುವವರೊಬ್ಬರು. ಏನು ಮಾಡಲಿ?
– ಓದುಗ, ಮೈಸೂರು

ಉತ್ತರ: ಎರಡೂ ಬೇಡ. ನೀವು ಬರೆದಿರುವುದು ಓಟಗಾರರ ಮಂಡಿ ನೋವಿನ ಲಕ್ಷಣವೇ. ಎಂಆರ್‌ಐ ಕಾಗದವನ್ನು ಬೀರುವಿನಲ್ಲಿಡಿ. ನೋವೇ ಇಲ್ಲದವರ ಮಂಡಿಯಲ್ಲೂ ಇಂಥದ್ದು ಕಾಣುತ್ತದೆ. ಫಿನ್‌ಲೆಂಡಿನಲ್ಲಿ ಇಂಥ ನೋವಿದ್ದ 56 ಜನರ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬರೀ ವ್ಯಾಯಾಮ, ಇನ್ನೊಂದಕ್ಕೆ ವ್ಯಾಯಾಮದ ಜೊತೆ ಆ ಸಣ್ಣ ತೂತಿನ ಆಪರೇಷನ್. ಒಂಬತ್ತು ತಿಂಗಳ ನಂತರ ಎರಡೂ ಗುಂಪು ಸುಧಾರಿಸಿದ್ದು ಒಂದೇ ಸಮ. ಹಾಗಿದ್ದ ಮೇಲೆ ಕ್ಲೀನ್ ಮಾಡಿಸಿ ಏನು ಬಂತು?

ಓಟದ ದೂರವನ್ನು ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ. ಓಡುವಾಗ ನೋವು ಹತ್ತರಲ್ಲಿ ಎರಡು-ಮೂರರಷ್ಟಿದ್ದು ಮರುದಿನ ಬೆಳಗ್ಗೆಗೆ ಇಳಿದರೆ ಸರಿ. ಇಳಿಯದಿದ್ದರೆ ಇನ್ನೂ ಕಡಿಮೆ ಮಾಡಿ. ಮಾತ್ರೆ ನುಂಗಿ ಓಡುವುದು ಮಾತ್ರ ಬೇಡ. ಬೆಟ್ಟ ಹತ್ತಿದರೂ ಸಿಟಿ ಬಸ್ಸಿನಲ್ಲಿ ಇಳಿಯಿರಿ, ತಾಯಿ ಕೋಪಿಸಿಕೊಳ್ಳುವುದಿಲ್ಲ. ಇಳಿಯುವಾಗ ಬಾಗಿದ ಮಂಡಿಯೊಂದೇ ಇಡೀ ಮೈಭಾರವನ್ನು ತಡೆತಡೆದು ಇಳಿಸಬೇಕು, ಚಿಪ್ಪು ತೊಡೆಮೂಳೆಗೆ ಬಲವಾಗಿ ಒತ್ತುತ್ತದೆ.

ನಿಜವಾದ ಔಷಧಿ ಇರುವುದು ತೊಡೆಯಲ್ಲಿ, ಪಿರ್ರೆಯಲ್ಲಿ. ನನ್ನ ಬಳಿ ಬರುವ ಓಟಗಾರರಲ್ಲಿ ಬಹುಪಾಲು ಮಂದಿ ಮಂಡಿ ತೋರಿಸುತ್ತಾರೆ, ನಾನು ಒಂಟಿಕಾಲಲ್ಲಿ ಬಸ್ಕಿ ಹೊಡೆಯಿರಿ ಎನ್ನುತ್ತೇನೆ. ಮಂಡಿ ಒಳಕ್ಕೆ ವಾಲಿದರೆ ಸೊಂಟದ ಪಕ್ಕದ ಸ್ನಾಯುಗಳ ಮೇಲೆ ನನಗೆ ಅನುಮಾನ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸಿ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತಿ. ಗೋಡೆಗೆ ಒರಗಿ ನೋವಾಗದಷ್ಟು ಮಟ್ಟಿಗೆ ಅರೆಬಸ್ಕಿ. ಸುಲಭವಾದ ಮೇಲೆ ಗಿಡ್ಡ ಮಣೆ ಹತ್ತುವುದು. ಸುಸ್ತಾಗುವಷ್ಟು ಮಾಡಿ, ವಾರಕ್ಕೆ ಮೂರು ಸಲ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಹದಿನೈದು ದಿನಕ್ಕೇ ಬೇಜಾರಾಗಿ ಬಿಟ್ಟು, ವ್ಯಾಯಾಮದಿಂದ ಏನೂ ಆಗಲಿಲ್ಲ ಎನ್ನುವವರೇ ಹೆಚ್ಚು.

ಇನ್ನೊಂದು: ಹೆಜ್ಜೆ ಚಿಕ್ಕದು ಮಾಡಿ. ನಿಮಿಷಕ್ಕೆ 160 ಹೆಜ್ಜೆ ಇಡುತ್ತಿದ್ದರೆ ಅದೇ ವೇಗದಲ್ಲಿ 168–170 ಇಡಿ. ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಚಿಪ್ಪಿಗೆ ಟೇಪು, ಶೂ ಒಳಗೆ ಮೆತ್ತೆ ಮೊದಲ ಕೆಲವು ವಾರ ಹಿತ ಕೊಡಬಹುದು. ಮಂಡಿಗೆ ಯಂತ್ರದಿಂದ ಕರೆಂಟು ಕೊಡಿಸುವ ಚಿಕಿತ್ಸೆಗೆ ದುಡ್ಡು ಸುರಿಯಬೇಡಿ.

ಮಂಡಿ ಊದಿದರೆ, ಮಡಚಿದ್ದು ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಕುಸಿದರೆ, ರಾತ್ರಿ ನಿದ್ದೆ ಕೆಡಿಸುವಷ್ಟು ನೋವಿದ್ದರೆ ಅದು ಬೇರೆ ಕಥೆ. ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ. 10ಕೆಗೆ ಇನ್ನು ಎರಡು ತಿಂಗಳೂ ಇಲ್ಲದಿದ್ದರೆ ಈ ವರ್ಷ ಓಡಬೇಡಿ, ಮುಂದಿನ ವರ್ಷಕ್ಕೆ ಹೆಸರು ಕೊಡಿ.