ಹಳೇ ಮಾರುತಿ 800ಗೆ ಟೈಮಿಂಗ್ ಅಡ್ವಾನ್ಸ್ ಮಾಡಿಸಿದರೆ ಘಾಟಿಯಲ್ಲಿ ಎಳೆತ ಹೆಚ್ಚುತ್ತದೆಯೇ?

ನಿಮ್ಮ ಪ್ರಶ್ನೆ ಇಷ್ಟು: 1996ರ ಕಾರ್ಬ್ಯುರೇಟರ್ ಮಾರುತಿ 800, ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದೆ. ಉಡುಪಿಯಿಂದ ತೀರ್ಥಹಳ್ಳಿಗೆ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಬೇಕಾದರೆ ಸೆಕೆಂಡ್ ಗೇರಿನಲ್ಲೂ ಏದುಸಿರು ಬಿಡುತ್ತದೆ. ಮೆಕ್ಯಾನಿಕ್ "ಡಿಸ್ಟ್ರಿಬ್ಯೂಟರ್ ಒಂಚೂರು ತಿರುಗಿಸಿ ಕೊಡ್ತೀನಿ, ಹಾರ್ತದೆ" ಅಂದಿದ್ದಾರೆ. ಮಾಡಿಸಬಹುದೇ?

ಮಾಡಿಸಬಹುದು. (ಟೈಮಿಂಗ್ ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಗಳಿಗೆ, ಅಡ್ವಾನ್ಸ್ ಅಂದರೆ ಅದನ್ನು ಇನ್ನಷ್ಟು ಬೇಗ ಮಾಡುವುದು, ಡಿಸ್ಟ್ರಿಬ್ಯೂಟರ್ ಅಂದರೆ ಕಿಡಿಯನ್ನು ಒಂದೊಂದು ಪ್ಲಗ್ಗಿಗೂ ಹಂಚುವ ಭಾಗ.) ಆದರೆ ಟೈಮಿಂಗ್ ಲೈಟ್ (ಕಿಡಿ ಹಾರಿದಾಗ ಮಿನುಗಿ ಟೈಮಿಂಗ್ ಗುರುತು ತೋರಿಸುವ ದೀಪ) ಹಿಡಿದು ಮಾಡಿಸಿ, ಗಾಡಿಯ ಸರ್ವಿಸ್ ಪುಸ್ತಕದ ಅಂಕಿಗಿಂತ ಎರಡು ಡಿಗ್ರಿ ಮೇಲೆ ಹೋಗಬೇಡಿ. ಅದಕ್ಕೂ ಮೊದಲು ಟೈಮಿಂಗ್ ಈಗ ಎಲ್ಲಿದೆ ಅಂತ ನೋಡಿಸಿ. ಇಷ್ಟು ಹಳೆಯ ಗಾಡಿಗಳಲ್ಲಿ ಅಡ್ವಾನ್ಸ್ ಮಾಡಿಸಿದ ಮೇಲೆ ಸಿಗುವ ಎಳೆತ ಬಹುಪಾಲು ಹೊಸದೇನಲ್ಲ, ಹಿಂದೆ ಬಿದ್ದಿದ್ದ ಟೈಮಿಂಗ್ ತನ್ನ ಜಾಗಕ್ಕೆ ಮರಳಿದ್ದು ಅಷ್ಟೇ.

ಪ್ಲಗ್ಗಿನಲ್ಲಿ ಕಿಡಿ ಹಾರಿದ ತಕ್ಷಣ ಒತ್ತಡ ಏರುವುದಿಲ್ಲ, ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಉರಿಯಲು ಒಂದೆರಡು ಮಿಲಿಸೆಕೆಂಡ್ ಬೇಕು. ಪಿಸ್ಟನ್ ತುತ್ತತುದಿ, ಅಂದರೆ ಟಿಡಿಸಿ ದಾಟಿ ಸುಮಾರು 12ರಿಂದ 15 ಡಿಗ್ರಿ ಇಳಿದಿರುವಾಗ ಒತ್ತಡ ಗರಿಷ್ಠಕ್ಕೆ ಬಂದರೆ ತಳ್ಳು ಚೆನ್ನಾಗಿ ಸಿಗುತ್ತದೆ. ಅದಕ್ಕೇ ಕಿಡಿಯನ್ನು ಟಿಡಿಸಿಗೆ ಮುಂಚೆಯೇ ಕೊಡುವುದು. 900 ಆರ್‌ಪಿಎಂನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ತಿರುಗುವುದು 5.4 ಡಿಗ್ರಿ, 4000ದಲ್ಲಿ 24 ಡಿಗ್ರಿ. ವೇಗ ಏರಿದಷ್ಟೂ ಕಿಡಿ ಬೇಗ ಬರಬೇಕು. ಅದನ್ನು ನೋಡಿಕೊಳ್ಳುವುದು ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ತೂಕದ ಗುಂಡುಗಳು ಮತ್ತು ಅವುಗಳ ಸ್ಪ್ರಿಂಗ್. ಹೊರಗೆ ತಟ್ಟೆಯ ಹಾಗೆ ಕಾಣುವ ವ್ಯಾಕ್ಯೂಮ್ ಯೂನಿಟ್ಟಿನ ಕೆಲಸ ಬೇರೆ: ಆಕ್ಸಿಲರೇಟರ್ ಹಗುರವಾಗಿ ಒತ್ತಿ ಓಡಿಸುವಾಗ ಇನ್ನಷ್ಟು ಅಡ್ವಾನ್ಸ್ ಸೇರಿಸುವುದು.

ಈಗ ಘಾಟಿಗೆ ಬನ್ನಿ. ಪೆಡಲ್ ಪೂರ್ತಿ ಒತ್ತಿದ್ದೀರಿ, ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆ) ವ್ಯಾಕ್ಯೂಮ್ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ವ್ಯಾಕ್ಯೂಮ್ ಯೂನಿಟ್ ಸುಮ್ಮನೆ ಕೂತಿರುತ್ತದೆ. ಎಂಜಿನ್ 2000 ಆಸುಪಾಸಿನಲ್ಲಿ ಒದ್ದಾಡುತ್ತಿದೆ, ಗುಂಡುಗಳು ಇನ್ನೂ ಅರ್ಧ ತೆರೆದಿವೆ. ಉಳಿದದ್ದು ಡಿಸ್ಟ್ರಿಬ್ಯೂಟರ್ ಕೂರಿಸಿದ ಮೂಲ ಟೈಮಿಂಗ್ ಮಾತ್ರ. ಆದ್ದರಿಂದ ಎರಡು ಡಿಗ್ರಿ ಕೊಟ್ಟರೂ ಅಲ್ಲಿ ಗೊತ್ತಾಗುತ್ತದೆ, ನಿಮ್ಮ ಮೆಕ್ಯಾನಿಕ್ ಹೇಳುವುದು ಪೂರಾ ಸುಳ್ಳಲ್ಲ. ತೊಂದರೆ ಏನೆಂದರೆ ನಾಕಿಂಗ್ (ಮಿಶ್ರಣ ಸಮವಾಗಿ ಉರಿಯದೆ ತಾನಾಗಿ ಸಿಡಿಯುವುದು) ಹುಟ್ಟುವುದೂ ಅದೇ ಜಾಗದಲ್ಲಿ. ಸಿಲಿಂಡರ್ ತುಂಬ ಮಿಶ್ರಣ, ಕಡಿಮೆ ವೇಗ, ರೇಡಿಯೇಟರಿಗೆ ಗಾಳಿಯೂ ಸಾಲದು. ಶಿವಮೊಗ್ಗದ ಸಮತಟ್ಟು ರಸ್ತೆಯಲ್ಲಿ ಓಡಿಸಿ "ಸೂಪರ್ ಆಯ್ತು" ಅಂದ ಗಾಡಿ ಘಾಟಿಯ ಎರಡನೇ ತಿರುವಿನಲ್ಲೇ ಬಾಯಿ ಬಿಡುವುದು ಇದಕ್ಕೇ.

ಡಿಸ್ಟ್ರಿಬ್ಯೂಟರ್ ಬೋಲ್ಟ್ ಮುಟ್ಟುವ ಮುಂಚೆ ಕೆಲವು ತಪಾಸಣೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ತಿರುಗುವ ತುಂಡನ್ನು, ಅಂದರೆ ರೋಟರನ್ನು, ಅದು ಸುತ್ತುವ ದಿಕ್ಕಿಗೆ ಬೆರಳಿನಿಂದ ತಿರುಗಿಸಿ ಬಿಡಿ. ಚಟ್ಟನೆ ಹಿಂದಕ್ಕೆ ಬರಬೇಕು. ಬರದಿದ್ದರೆ ಗುಂಡುಗಳು ತುಕ್ಕು, ಒಣ ಗ್ರೀಸಿಗೆ ಸಿಕ್ಕಿಹಾಕಿಕೊಂಡಿವೆ. ನಮ್ಮ ಕಡೆ ಮಳೆಗಾಲ ಪೂರ್ತಿ ನಿಂತ ಗಾಡಿಗಳಲ್ಲಿ ಇದು ಸಾಮಾನ್ಯ. ವ್ಯಾಕ್ಯೂಮ್ ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಬಿಚ್ಚಿ ಬಾಯಲ್ಲಿ ಎಳೆದು ತುದಿಗೆ ನಾಲಿಗೆ ಒತ್ತಿ ಹಿಡಿಯಿರಿ. ಒಳಗಿನ ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ನಿಲ್ಲದೆ ಜಾರಿದರೆ ಡಯಾಫ್ರಂ (ಒಳಗಿನ ರಬ್ಬರ್ ಪರದೆ) ಹರಿದಿದೆ. ಕ್ಯಾಪಿನ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಕಪ್ಪು ಗೆರೆ ಇದ್ದರೆ ಕಿಡಿ ಪ್ಲಗ್ಗಿಗೆ ಹೋಗದೆ ಆ ಗೆರೆಯ ಮೇಲೆ ಓಡುತ್ತಿದೆ ಎಂದರ್ಥ, ಒರೆಸಿದರೆ ಹೋಗುವುದಿಲ್ಲ, ಕ್ಯಾಪೇ ಬದಲಿಸಬೇಕು. ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ, ಪ್ಲಗ್ ವೈರುಗಳ ಮೇಲೆ ಸ್ವಲ್ಪ ನೀರು ಸಿಂಪಡಿಸಿದರೆ ಎಲ್ಲೆಲ್ಲಿ ಸೋರುತ್ತಿದೆ ಅಂತ ನೀಲಿ ಮಿಂಚಿನಲ್ಲಿ ಕಾಣುತ್ತದೆ. ನೋಡಿ ಸಾಕು, ಕೈ ಹಾಕಬೇಡಿ. ಆಗುಂಬೆ ಮಳೆಯಲ್ಲಿ ಮೂರರಲ್ಲಿ ಒಂದು ಸಿಲಿಂಡರ್ ಆಗಾಗ ತಪ್ಪಿದರೆ ಯಾವ ಟೈಮಿಂಗೂ ಗಾಡಿಯನ್ನು ಮೇಲೆ ಎಳೆಯುವುದಿಲ್ಲ.

ಟೈಮಿಂಗ್ ಬೆಲ್ಟಿನ ಗುರುತುಗಳನ್ನೂ ನೋಡಿಸಿ. ಬೆಲ್ಟ್ ಒಂದು ಹಲ್ಲು ಜಿಗಿದಿದ್ದರೆ ವಾಲ್ವುಗಳನ್ನು ತೆರೆಯುವ ಕ್ಯಾಂಶಾಫ್ಟ್ ಹಿಂದೆ ಬೀಳುತ್ತದೆ, ಅದರಿಂದಲೇ ತಿರುಗುವ ಡಿಸ್ಟ್ರಿಬ್ಯೂಟರೂ ಹಿಂದೆ ಬೀಳುತ್ತದೆ. ಆಗ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಕಿಡಿ ಸರಿಹೋಗಬಹುದು, ವಾಲ್ವುಗಳು ತಡವಾಗಿಯೇ ತೆರೆಯುತ್ತಿರುತ್ತವೆ. ರೋಗ ಮುಚ್ಚಿಟ್ಟ ಹಾಗೆ.

ಇನ್ನು ಸೆಟ್ಟಿಂಗ್. ಎಂಜಿನ್ ಪೂರ್ತಿ ಬಿಸಿಯಾಗಲಿ, ಫ್ಯಾನ್ ಒಮ್ಮೆ ಓಡಿ ನಿಲ್ಲಲಿ. ಪಾಯಿಂಟ್ (ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್ ಆದರೆ ಮೊದಲು ಪಾಯಿಂಟ್ ಗ್ಯಾಪ್ ಸರಿಮಾಡಿ, ಯಾಕೆಂದರೆ ಗ್ಯಾಪ್ ಹೆಚ್ಚಾದರೆ ಟೈಮಿಂಗ್ ತಾನಾಗಿ ಮುಂದೆ ಹೋಗುತ್ತದೆ, ಕಡಿಮೆಯಾದರೆ ಹಿಂದೆ. ಇದನ್ನು ತಿರುಗುಮುರುಗಾಗಿ ಮಾಡಿದರೆ ಎರಡೂ ಕೆಡುತ್ತವೆ. ಐಡಲ್ (ಪೆಡಲ್ ಒತ್ತದಿರುವಾಗ ಎಂಜಿನ್ ಓಡುವ ವೇಗ) ಪುಸ್ತಕದ ಅಂಕಿಗೆ ಬರಬೇಕು. 1200–1300ರಲ್ಲಿ ಓಡುತ್ತಿದ್ದರೆ ಗುಂಡುಗಳು ಆಗಲೇ ತೆರೆಯಲು ಶುರು ಮಾಡಿ ಲೈಟಿನಲ್ಲಿ ಸುಳ್ಳು ಲೆಕ್ಕ ಕಾಣುತ್ತದೆ. ವ್ಯಾಕ್ಯೂಮ್ ಪೈಪ್ ಬಿಚ್ಚಿ ಅದರ ಬಾಯಿಗೆ ಸಣ್ಣ ಸ್ಕ್ರೂ ತುರುಕಿ. ಲೈಟಿನ ಕ್ಲಿಪ್ಪನ್ನು ಒಂದನೇ ಸಿಲಿಂಡರಿನ ವೈರಿಗೆ ಹಾಕಿ, 800ರಲ್ಲಿ ಒಂದನೆಯದು ಟೈಮಿಂಗ್ ಬೆಲ್ಟ್ ಕಡೆಯದು, ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) 1-3-2. ಗುರುತು ಕೆಲವು ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಪುಲ್ಲಿಯ ಮೇಲಿರುತ್ತದೆ, ಕೆಲವದರಲ್ಲಿ ಬೆಲ್ ಹೌಸಿಂಗಿನ ರಬ್ಬರ್ ಬಿರಡೆ ತೆಗೆದರೆ ಫ್ಲೈವೀಲ್ ಮೇಲೆ ಕಾಣುತ್ತದೆ. ಎಲ್ಲಿದ್ದರೂ ಮೊದಲು ಬಟ್ಟೆಯಲ್ಲಿ ಒರೆಸಿ ವೈಟ್ನರಿನ ಒಂದು ಚುಕ್ಕೆ ಇಡಿ, ಇಲ್ಲದಿದ್ದರೆ ಎಣ್ಣೆಜಿಡ್ಡಿನ ನಡುವೆ ಹುಡುಕುವುದೇ ಕೆಲಸವಾಗುತ್ತದೆ. ಈಗ ಓದಿದ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಡಿಸ್ಟ್ರಿಬ್ಯೂಟರ್ ಬೋಲ್ಟನ್ನು ಪೂರ್ತಿ ಸಡಿಲಿಸಬೇಡಿ, ಬಾಡಿ ಕೈಯಲ್ಲಿ ಬಿಗಿಯಾಗಿ ತಿರುಗುವಷ್ಟು ಸಾಕು. ರೋಟರ್ ಯಾವ ಕಡೆ ಸುತ್ತುತ್ತದೋ ಅದಕ್ಕೆ ವಿರುದ್ಧ ಬಾಡಿ ತಿರುಗಿಸಿದರೆ ಅಡ್ವಾನ್ಸ್, ಅದೇ ಕಡೆ ತಿರುಗಿಸಿದರೆ ರಿಟಾರ್ಡ್, ಅಂದರೆ ಕಿಡಿ ತಡ. "ಒಂಚೂರು" ಎಂಬ ಮಾತಿಗೆ ನನ್ನ ತಕರಾರು ಇರುವುದು ಇಲ್ಲಿ. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಬಾಡಿಯನ್ನು ಒಂದು ಡಿಗ್ರಿ ಸರಿಸಿದರೆ ಕ್ರ್ಯಾಂಕಿನಲ್ಲಿ ಎರಡು ಡಿಗ್ರಿ. ಬಾಡಿಯ ಅಡ್ಡಳತೆ 70 ಮಿಲಿಮೀಟರ್ ಅಂತ ಹಿಡಿದರೆ ಅಂಚಿನಲ್ಲಿ ಒಂದೇ ಒಂದು ಮಿಲಿಮೀಟರ್ ಸರಿದರೂ ಕ್ರ್ಯಾಂಕಿನಲ್ಲಿ ಮೂರು ಡಿಗ್ರಿ ದಾಟುತ್ತದೆ. ಕಿವಿಯಲ್ಲಿ ಕೇಳಿ, ಐಡಲ್ ಏರುವ ತನಕ ತಿರುಗಿಸಿ ಬಿಗಿದರೆ ಎಂಟು ಹತ್ತು ಡಿಗ್ರಿ ಹೆಚ್ಚು ಹೋಗಿರುತ್ತದೆ, ಯಾಕೆಂದರೆ ಐಡಲ್‌ನಲ್ಲಿ ಯಾವ ಎಂಜಿನ್ನೂ ಹೆಚ್ಚು ಅಡ್ವಾನ್ಸ್ ಕೊಟ್ಟಷ್ಟು ಖುಷಿಯಾಗಿಯೇ ಓಡುತ್ತದೆ. ಲೈಟ್ ಇಲ್ಲ ಅಂದರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಹಳೇ ಟ್ಯೂನಿಂಗ್ ಕೆಲಸದವರನ್ನು ವಿಚಾರಿಸಿ.

ಮೊದಲು ಪುಸ್ತಕದ ಅಂಕಿಗೆ ನಿಲ್ಲಿಸಿ, ಬಿಗಿ ಮಾಡಿ, ಮತ್ತೆ ಲೈಟ್ ಹಾಕಿ, ಯಾಕೆಂದರೆ ಬಿಗಿಯುವಾಗ ಒಂದು ಡಿಗ್ರಿ ಜಾರುವುದುಂಟು. ಐಡಲ್ ಬದಲಾಗಿರುತ್ತದೆ, ಸ್ಕ್ರೂನಲ್ಲಿ ಸರಿಮಾಡಿ ಇನ್ನೊಮ್ಮೆ ಓದಿ. ಹಾಗೇ 3000ಕ್ಕೆ ಏರಿಸಿ ನೋಡಿ. ಗುರುತು ನಿಧಾನವಾಗಿ ಮುಂದೆ ಹೋಗಿ, ಬಿಟ್ಟ ಕೂಡಲೇ ವಾಪಸ್ ಬರಬೇಕು. ಇದೇ ಸ್ಥಿತಿಯಲ್ಲಿ ಒಂದು ಸಲ ಘಾಟಿ ಹತ್ತಿಸಿ. ಸಾಕೆನಿಸಿದರೆ ಅಲ್ಲಿಗೇ ಬಿಡಿ. ಸಾಲದಿದ್ದರೆ ಒಂದು ಡಿಗ್ರಿ, ಮತ್ತೆ ಪರೀಕ್ಷೆ, ಮತ್ತೊಂದು ಡಿಗ್ರಿ.

ಪರೀಕ್ಷೆ ಹೀಗೆ: ಬಿಸಿ ಎಂಜಿನ್, ಸಣ್ಣ ಏರು, ಟಾಪ್ ಗೇರಿನಲ್ಲಿ ಗಂಟೆಗೆ 40 ಕಿ.ಮೀ., ಕಿಟಕಿ ಇಳಿಸಿ ಪೆಡಲ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡ್ ಕೇಳಿ. ಡಬ್ಬಿಯೊಳಗೆ ಸಣ್ಣ ಮೊಳೆ ಕುಲುಕಿದಂಥ ಕಿಣಿಕಿಣಿ ಸದ್ದು ಬಂದರೆ ಅದೇ ನಾಕಿಂಗ್, ತಕ್ಷಣ ಕಾಲು ತೆಗೆದು ಎರಡು ಡಿಗ್ರಿ ಹಿಂದಕ್ಕೆ ತನ್ನಿ. ಈ ಪರೀಕ್ಷೆಯನ್ನು ಜುಲೈ ಮಳೆಯಲ್ಲಿ ಮಾಡಿ ನಂಬಬೇಡಿ. ತಂಪಾದ ತೇವದ ಗಾಳಿ ನಾಕಿಂಗ್ ಅಡಗಿಸುತ್ತದೆ. ಆಗುಂಬೆ ಸುಮಾರು 640 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯೂ ಒಂದಿಷ್ಟು ತೆಳು. ನಿಜವಾದ ಪರೀಕ್ಷೆ ಏಪ್ರಿಲ್ ಮಧ್ಯಾಹ್ನ ಘಾಟಿಯ ಬುಡದಲ್ಲಿ, ನಾಲ್ಕು ಜನ ಕೂತು. ಅಲ್ಲಿ ಸದ್ದಿಲ್ಲದಿದ್ದರೆ ವರ್ಷವಿಡೀ ಸದ್ದಿಲ್ಲ.

ಸದ್ದನ್ನು ಲೆಕ್ಕಿಸದೆ ಓಡಿಸಿದರೆ ಮೊದಲು ಪ್ಲಗ್ಗಿನ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಷ್ಟು ಕಪ್ಪು, ಬೆಳ್ಳಿ ಚುಕ್ಕೆ ಬೀಳುತ್ತವೆ. ಬೆಳ್ಳಿ ಚುಕ್ಕೆ ಪಿಸ್ಟನ್ನಿನ ಅಲ್ಯೂಮಿನಿಯಂ. ಆಮೇಲೆ ರಿಂಗುಗಳ ನಡುವಿನ ಅಂಚು ಒಡೆಯುವುದು, ಹೆಡ್ ಗ್ಯಾಸ್ಕೆಟ್ ಹೋಗುವುದು. ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಸ್ಟಾರ್ಟರ್ ಒದ್ದು ನಿಂತಂತಾದರೂ ಅಡ್ವಾನ್ಸ್ ಹೆಚ್ಚಾಗಿದೆ ಎಂದೇ ತಿಳಿಯಿರಿ.

ಎರಡು ಡಿಗ್ರಿಗೆ ಅವಕಾಶ ಇದೆ ಅನ್ನುವುದಕ್ಕೆ ಕಾರಣ ಪೆಟ್ರೋಲ್. ನಿಮ್ಮ ಗಾಡಿ ಬಂದ ಕಾಲದ ಸಾಮಾನ್ಯ ಪೆಟ್ರೋಲ್ 87 ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ), ಈಗಿನದು 91ಕ್ಕೆ ಕಡಿಮೆ ಇಲ್ಲ, ಎಥನಾಲ್ ಸೇರಿದ್ದರಿಂದ ನಾಕಿಂಗ್ ತಡೆಯುವ ಗುಣ ಇನ್ನೂ ಜಾಸ್ತಿ. ಆದರೆ ಹಳೇ ಎಂಜಿನ್ನಿನ ಪಿಸ್ಟನ್ ತಲೆಯಲ್ಲಿ ಕಟ್ಟಿದ ಕಾರ್ಬನ್ ಈ ಲಾಭದಲ್ಲಿ ಪಾಲು ಕೇಳುತ್ತದೆ.

ಎಥನಾಲ್ ಮಾತು ಬಂತು, ನಿಮ್ಮ ತೊಂದರೆಯ ಬೇರು ಅಲ್ಲೇ ಇರಬಹುದು ಎಂಬ ಅನುಮಾನ ನನಗಿದೆ. ಬರೀ ಪೆಟ್ರೋಲಿಗೆ ಒಂದು ಭಾಗಕ್ಕೆ 14.7 ಭಾಗ ಗಾಳಿ ಬೇಕು, ಶೇಕಡಾ 20 ಎಥನಾಲ್ ಸೇರಿದ ಇ20ಗೆ ಸುಮಾರು 13.5 ಸಾಕು. ಎಂಪಿಎಫ್ಐ (ಕಂಪ್ಯೂಟರ್ ಅಳೆದು ಪೆಟ್ರೋಲ್ ಸಿಂಪಡಿಸುವ) ಗಾಡಿ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಮಿಶ್ರಣ ಎಂಟು ಶೇಕಡಾದಷ್ಟು ತೆಳುವಾಗಿ, ಪೂರ್ತಿ ಪೆಡಲಿನಲ್ಲಿ ಎಳೆತ ಸಾಯುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಘಾಟಿ ಹತ್ತಿದ ಕೂಡಲೇ ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಸುಣ್ಣದಷ್ಟು ಬೆಳ್ಳಗಿದ್ದರೆ ಕಾರ್ಬ್ಯುರೇಟರಿನ ಜೆಟ್ಟುಗಳನ್ನು (ಪೆಟ್ರೋಲ್ ಹರಿಯುವ ಸಣ್ಣ ತೂತುಗಳು) ಕಾರ್ಬ್ ಕ್ಲೀನರಿನಲ್ಲಿ ತೊಳೆಸಿ, ಫ್ಲೋಟ್ ಮಟ್ಟ ನೋಡಿಸಿ, ಆಗಲೂ ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ. ಆಕ್ಸಿಲರೇಟರ್ ಪಂಪಿನ ಡಯಾಫ್ರಂ, ಪೆಟ್ರೋಲ್ ಪೈಪುಗಳನ್ನೂ ಒತ್ತಿ ನೋಡಿ, ಹಳೇ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ತೆಳು ಮಿಶ್ರಣದ ಮೇಲೆ ಅಡ್ವಾನ್ಸ್ ಬೇರೆ ಕೊಟ್ಟರೆ ಪಿಸ್ಟನ್ನಿಗೆ ಎರಡು ಕಡೆಯಿಂದ ಪೆಟ್ಟು ಮಾರಾಯ್ರೇ.

ಇದೇ ಪ್ರಶ್ನೆ ಇಟ್ಟುಕೊಂಡು ಬಂದ ಬೇರೆಯವರಿಗೆ: ಗ್ಯಾಸ್ ಮತ್ತು ಪೆಟ್ರೋಲ್ ಎರಡರಲ್ಲೂ ಓಡುವ ಓಮ್ನಿಗೆ ಪೆಟ್ರೋಲ್ ಲೆಕ್ಕದಲ್ಲೇ ಸೆಟ್ ಮಾಡಿ, ಗ್ಯಾಸ್ ಹೆಚ್ಚು ಅಡ್ವಾನ್ಸ್ ತಡೆಯುತ್ತದೆ, ಪೆಟ್ರೋಲ್ ತಡೆಯುವುದಿಲ್ಲ. ಡಿಸ್ಟ್ರಿಬ್ಯೂಟರೇ ಇಲ್ಲದ ಗಾಡಿಯಲ್ಲಿ ಟೈಮಿಂಗ್ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕೈಯಲ್ಲಿದೆ, ಕ್ರ್ಯಾಂಕ್ ಸೆನ್ಸರ್ ಸರಿಸಿ ಕೊಡುತ್ತೇನೆ ಎನ್ನುವವರಿಗೆ ಬೀಗದ ಕೈ ಕೊಡಬೇಡಿ. ಶುರುವಿನ ಕೆಲವು ಎಂಪಿಎಫ್ಐ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಇದೆ. ಅವುಗಳಲ್ಲಿ ಡಯಾಗ್ನೋಸಿಸ್ ಕನೆಕ್ಟರಿಗೆ ಪುಸ್ತಕ ಹೇಳಿದಂತೆ ಜಂಪರ್ ಹಾಕಿ, ಇಸಿಯು ಟೈಮಿಂಗನ್ನು ಒಂದೇ ಕಡೆ ಹಿಡಿದು ನಿಲ್ಲಿಸಿದ ಮೇಲಷ್ಟೇ ಲೈಟ್ ಇಟ್ಟು ಓದಬೇಕು. ಜಂಪರ್ ಇಲ್ಲದೆ ಓದಿದರೆ ಗುರುತು ಕುಣಿಯುತ್ತಲೇ ಇರುತ್ತದೆ.