ತೋರಿಸದ ಎಲೆಗಳ ಲೆಕ್ಕ: ಒಂದು ಆಪ್ತಸಲಹೆ ಪ್ರಕರಣ

ಪುಣೆ ಮತ್ತು ಪಿಂಪ್ರಿ-ಚಿಂಚವಾಡದ ಕನ್ನಡ ಕುಟುಂಬಗಳಿಂದ ನನ್ನಲ್ಲಿಗೆ ಬರುವ, ಪೋಕರ್ ಎಂಬ ಇಸ್ಪೀಟೆಲೆಯ ಜೂಜನ್ನು ಆನ್‌ಲೈನ್ ಆಡಿದವರ ಪ್ರಕರಣಗಳಲ್ಲಿ ಒಂದು ಬಗೆ ಮತ್ತೆ ಮತ್ತೆ ಎದುರಾಗುತ್ತದೆ. ಆಟವನ್ನು ಶ್ರದ್ಧೆಯಿಂದ ಕಲಿತವನ ಪ್ರಕರಣ ಅದು. ಎದುರಾಳಿಯ ಕೈಯಲ್ಲಿ ಯಾವ ಎಲೆಗಳಿರಬಹುದೆಂದು ಊಹಿಸುವ ವಿದ್ಯೆಯನ್ನು ವಿಡಿಯೊ ನೋಡಿ, ಕೋಷ್ಟಕಗಳನ್ನು ಬಾಯಿಪಾಠ ಮಾಡಿ, ನಿದ್ದೆಗೆಟ್ಟು ಅಭ್ಯಾಸ ಮಾಡಿದವನು ಸಾಲದಲ್ಲಿ ಮುಳುಗಿದಾಗ, ಅವನೊಡನೆ ಹೇಗೆ ಮಾತಾಡಬೇಕೆಂಬುದೇ ಮನೆಯವರಿಗೆ ತೋಚುವುದಿಲ್ಲ. ಅಂಥ ಒಂದು ಪ್ರಕರಣವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಬಂದವರು ವಿಜಯಪುರ ಜಿಲ್ಲೆಯ ಕಡೆಯ ಅಣ್ಣ-ತಮ್ಮ. ಅಣ್ಣನಿಗೆ ಭೋಸರಿಯ ಕಾರ್ಖಾನೆಯೊಂದರಲ್ಲಿ ಕೆಲಸ. ತಮ್ಮ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದ; ವಾಸ ಅಣ್ಣನ ಮನೆಯಲ್ಲೇ. ಮೊದಲು ಸಂಬಳದ ಮೇಲಿನ ಸಾಲ, ಆಮೇಲೆ ಮೊಬೈಲ್ ಆ್ಯಪ್‌ಗಳ ಸಾಲ, ಕೊನೆಗೆ ಅಣ್ಣನೇ ಜಾಮೀನು ನಿಂತು ಪತಸಂಸ್ಥೆಯಿಂದ (ಸಹಕಾರಿ ಪತ್ತಿನ ಸಂಘದಿಂದ) ಕೊಡಿಸಿದ ಸಾಲ. ವಸೂಲಿಯವರು ಅತ್ತಿಗೆಗೆ ಫೋನ್ ಮಾಡಿದ ಮೇಲೆ ಎಲ್ಲವೂ ಹೊರಬಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದಿರಲಿ ಅದೃಷ್ಟದ್ದಿರಲಿ, ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿ, ದೇಶದ ದೊಡ್ಡ ಪೋಕರ್ ಆ್ಯಪ್‌ಗಳು ಹಣದ ಆಟವನ್ನು ನಿಲ್ಲಿಸಿದಾಗ, ಈ ತಮ್ಮ ನಿಲ್ಲಿಸಲಿಲ್ಲ. ವಿದೇಶದಿಂದ ನಡೆಯುವ ಆ್ಯಪ್ ಒಂದಕ್ಕೆ ಹೋಗಿ, ಯಾರದೋ ಖಾತೆಗೆ ಹಣ ಹಾಕಿ ಆಡತೊಡಗಿದ.

ಅಣ್ಣ ನನ್ನಲ್ಲಿ ಕೇಳಿದ್ದು ಒಂದೇ: "ಇದು ಬರೇ ನಸೀಬದ ಆಟ ಅಂತ ನೀವಾರ ಅವಗ ಹೇಳ್ರಿ ಮೇಡಂ, ನಾ ಹೇಳಿದ್ರ ಕೇಳವಲ್ಲ." ನಾನು ಹಾಗೆ ಹೇಳಲು ಒಪ್ಪಲಿಲ್ಲ, ಇದರಿಂದ ಅಣ್ಣನಿಗೆ ನನ್ನ ಮೇಲೆ ಸಾಕಷ್ಟು ಅಸಮಾಧಾನವೂ ಆಯಿತು. ಆದರೆ ಆ ಮಾತು ನಿಜವಲ್ಲ, ನಿಜವಲ್ಲವೆಂಬುದು ತಮ್ಮನಿಗೆ ಗೊತ್ತು. ಪೋಕರ್ ಬರೀ ಅದೃಷ್ಟವಾಗಿದ್ದರೆ 2019ರಲ್ಲಿ ಪ್ಲುರಿಬಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಆರು ಜನರ ಆಟದಲ್ಲಿ ವೃತ್ತಿಪರರನ್ನು ಸೋಲಿಸಲು ಸಾಧ್ಯವಿರಲಿಲ್ಲ. ಕಲಿತವನ ಎದುರು ಕೂತು ಸುಳ್ಳು ಹೇಳಿದ ಸಲಹೆಗಾರ್ತಿಯ ಮಿಕ್ಕ ಮಾತುಗಳನ್ನೂ ಅವನು ಸುಳ್ಳೆಂದೇ ಎಣಿಸುತ್ತಾನೆ.

ಹಾಗಾಗಿ ನಾನು ಅವನ ವಿದ್ಯೆಯನ್ನೇ ವಿವರಿಸಲು ಹೇಳಿದೆ, ಅವನು ಬರೆದಿಟ್ಟಿದ್ದ ಟಿಪ್ಪಣಿ ಪುಸ್ತಕವನ್ನೂ ತರಲು ಹೇಳಿದೆ. ಆಟದ ಗೀಳಿನವನಿಂದ ಆಟದ ಮಾತನ್ನೇ ಆಡಿಸುವುದು ಬೆಂಕಿಗೆ ತುಪ್ಪ ಸುರಿದಂತೆ ಎಂದು ಆಕ್ಷೇಪಿಸುವ ಸಹೋದ್ಯೋಗಿಗಳಿದ್ದಾರೆ. ಎಲ್ಲರೊಡನೆಯೂ ಹೀಗೆ ಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ತನ್ನ ನಂಬಿಕೆಯನ್ನು ಲೆಕ್ಕದ ಮೇಲೆ ಕಟ್ಟಿಕೊಂಡವನಿಗೆ ಆ ಲೆಕ್ಕದ ಒಳಗೇ ಬಿರುಕು ಕಾಣಬೇಕು. ಹೊರಗಿನಿಂದ ಕೊಟ್ಟ ಬುದ್ಧಿವಾದ ನಾಟುವುದಿಲ್ಲ.

ಅವನು ವಿವರಿಸಿದ ರೀತಿ ಚೊಕ್ಕವಾಗಿತ್ತು. ಅವನಾಡುವ ಆಟದಲ್ಲಿ ಪ್ರತಿಯೊಬ್ಬನಿಗೂ ಎರಡು ಮುಚ್ಚಿದ ಎಲೆ; ಎಲ್ಲರಿಗೂ ಸೇರಿದ ಐದು ಎಲೆಗಳು ಮೇಜಿನ ಮೇಲೆ ಹಂತಹಂತವಾಗಿ ತೆರೆಯುತ್ತವೆ, ನಡುನಡುವೆ ಪಣ ಕಟ್ಟುತ್ತಾರೆ. 52 ಎಲೆಗಳಲ್ಲಿ ತನ್ನ ಎರಡನ್ನು ಕಳೆದರೆ ಎದುರಾಳಿಯ ಕೈಯಲ್ಲಿ ಇರಬಹುದಾದ ಎರಡೆಲೆಯ ಜೋಡಿಗಳು 1,225. ಎದುರಾಳಿ ಮೊದಲ ಸುತ್ತಿನಲ್ಲೇ ಪಣ ಏರಿಸಿದರೆ ದುರ್ಬಲ ಜೋಡಿಗಳನ್ನು ಬಿಟ್ಟುಬಿಡಬಹುದು. ಮೇಜಿನ ಮೇಲೆ ಎಲೆಗಳು ತೆರೆದಂತೆ, ಅವನು ಕಟ್ಟಿದ ಮೊತ್ತ, ತೆಗೆದುಕೊಂಡ ಸಮಯ ಎಲ್ಲ ನೋಡಿ ಪಟ್ಟಿಯನ್ನು ಇನ್ನಷ್ಟು ಕಿರಿದು ಮಾಡಬಹುದು. ಎಕ್ಕ-ರಾಜ ಜೋಡಿ ಒಟ್ಟು 16 ಬಗೆಯಲ್ಲಿ ಬರಬಹುದು, ತನ್ನ ಕೈಯಲ್ಲಿ ಒಂದು ಎಕ್ಕ ಇದ್ದರೆ 12 ಬಗೆಯಲ್ಲಿ ಮಾತ್ರ. ಎರಡು ಎಕ್ಕಗಳ ಜೋಡಿ 6ರಿಂದ 3ಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ತಪ್ಪಿಲ್ಲ.

ಪುಸ್ತಕದ ಒಂದು ಪುಟದಲ್ಲಿ ಹೀಗಿತ್ತು. ತಮ್ಮನ ಕೈಯಲ್ಲಿ ಇಸ್ಪೀಟ್ (ಸ್ಪೇಡ್) ಎಕ್ಕ, ಹಾರ್ಟ್ಸ್ ರಾಣಿ. ಮೇಜಿನ ಮೇಲೆ ಡೈಮಂಡ್ ರಾಣಿ, ಇಸ್ಪೀಟ್ ಒಂಬತ್ತು, ಇಸ್ಪೀಟ್ ನಾಲ್ಕು. ಆಮೇಲೆ ಕಳಾವರ್ ಎರಡು. ಕೊನೆಯ ಎಲೆ ಇಸ್ಪೀಟ್ ಏಳು. ಎದುರಾಳಿ ಪಾಟ್‌ನಲ್ಲಿ, ಅಂದರೆ ಅದುವರೆಗೆ ಕೂಡಿದ ಪಣದ ರಾಶಿಯಲ್ಲಿ, ಇದ್ದಷ್ಟೇ ಹಣವನ್ನು ಒಮ್ಮೆಗೇ ಕಟ್ಟಿದ. ಅಂಥ ಪಣಕ್ಕೆ ಕಾಲ್ ಮಾಡಿ, ಅಂದರೆ ತಾನೂ ಅಷ್ಟೇ ಹಣ ಹಾಕಿ, ಮೂರರಲ್ಲಿ ಒಂದು ಸಲ ಗೆದ್ದರೂ, ಆ್ಯಪ್‌ನವರು ಹಿಡಿಯುವ ರೇಕ್ ಎಂಬ ಕಮಿಷನ್ ಬಿಟ್ಟರೆ, ನಷ್ಟವಿಲ್ಲ. ಇಸ್ಪೀಟ್ ಎಕ್ಕ ತನ್ನಲ್ಲೇ ಇರುವುದರಿಂದ ಎದುರಿನವನಿಗೆ ಫ್ಲಶ್ (ಒಂದೇ ಜಾತಿಯ ಐದು ಎಲೆ) ಇರುವ ಸಂಭವ ಕಡಿಮೆ, ಇದು ಬರೀ ಹೆದರಿಸುವ ಬ್ಲಫ್ ಎಂದು ತಮ್ಮ ಕಾಲ್ ಮಾಡಿದ. ತೆರೆದಾಗ ಇಸ್ಪೀಟ್ ರಾಜ, ಇಸ್ಪೀಟ್ ಗುಲಾಮ: ಫ್ಲಶ್ ಇತ್ತು, ತಮ್ಮ ಸೋತ. ಪಕ್ಕದಲ್ಲಿ ಬರೆದದ್ದು (ಎದುರಾಳಿಯ ಎಲೆಗಳ ಊಹೆಗೆ ಅವನ ಮಾತು 'ಓದು'): "ಓದು ಸರಿ, ನಸೀಬು ಕೆಟ್ಟದ್ದು."

ಕೆಳಗಿನ ಸಾಲಿನಲ್ಲಿ ಬೇರೊಂದು ಕೈ (ಎಲೆ ಒಮ್ಮೆ ಹಂಚಿ ಆಡಿದ ಆಟಕ್ಕೆ ಈ ಹೆಸರು). ಎದುರಾಳಿಗೆ ಫ್ಲಶ್ ಇದೆಯೆಂದು ತಮ್ಮ ಎಲೆ ಮುಚ್ಚಿ ಫೋಲ್ಡ್ ಮಾಡಿದ್ದ, ಅಂದರೆ ಆ ಕೈಯನ್ನು ಬಿಟ್ಟುಕೊಟ್ಟಿದ್ದ. ಪಕ್ಕದಲ್ಲಿ: "ಓದು ಸರಿ." ಅದರ ಕೆಳಗೆ ತಾನೇ ದೊಡ್ಡ ಪಣ ಕಟ್ಟಿ ಎದುರಾಳಿ ಬಿಟ್ಟುಕೊಟ್ಟದ್ದು: "ಓದು ಸರಿ."

"ಈ ಎರಡನೆಯದರಲ್ಲಿ ಎದುರಿನವರ ಎಲೆ ಏನಿತ್ತು?" ಎಂದು ಕೇಳಿದೆ.

"ತೋರಿಸಲಿಲ್ರೀ, ನಾ ಫೋಲ್ಡ್ ಮಾಡಿದ್ದೆ."

"ಮತ್ತೆ ಸರಿ ಎಂದು ಹೇಗೆ ಬರೆದಿರಿ?"

ಅವನು ಪುಟ ತಿರುಗಿಸಿದ, ಇನ್ನೊಂದು ಪುಟ ತಿರುಗಿಸಿದ, ಸಾಲುಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಸುಮ್ಮನಿದ್ದ. ಪೋಕರ್‌ನಲ್ಲಿ ಹೆಚ್ಚಿನ ಕೈಗಳು ಎಲೆ ತೆರೆಯುವ ಹಂತಕ್ಕೆ ಬರದೆಯೇ ಮುಗಿಯುತ್ತವೆ. ಹಾಗೆ ಮುಗಿದ ಅಷ್ಟೂ ಕೈಗಳಿಗೆ ಅವನು ತಾನೇ ಉತ್ತರ ಬರೆದು ತಾನೇ ಅಂಕ ಕೊಟ್ಟುಕೊಂಡಿದ್ದ; ತೆರೆದವುಗಳಲ್ಲಿ ಸೋತದ್ದನ್ನು ನಸೀಬಿನ ಖಾತೆಗೆ ಹಾಕಿದ್ದ. "ಓದು ತಪ್ಪು" ಎಂಬ ಮಾತು ಹುಡುಕಿದರೂ ಸಿಗದಂತಿತ್ತು. ಕೊನೆಗೆ ಅವನೇ ಹೇಳಿದ: "ತೋರಿಸಲಾರದ ಎಲಿ ಎಲ್ಲಾ ನನ್ನ ಪರನೇ ಹಿಡದೀನ್ರೀ ಮೇಡಂ."

ಇದಕ್ಕೆ ಒಂದು ಮಾತು ಸೇರಿಸಿದೆ. ಈ ಆಟದಲ್ಲಿ ಏರಿಳಿತ ಎಷ್ಟು ದೊಡ್ಡದೆಂದರೆ, ಹತ್ತು ಸಾವಿರ ಕೈ ಆಡಿದ ಮೇಲೂ ಬಂದ ಲಾಭವೋ ನಷ್ಟವೋ ಕೌಶಲದ್ದೇ ಅದೃಷ್ಟದ್ದೇ ಎಂದು ಖಚಿತವಾಗಿ ಹೇಳಲಾಗದು. ಆದ್ದರಿಂದ "ಈ ತಿಂಗಳು ಗೆದ್ದೆ" ಎಂಬುದೂ ಪುರಾವೆಯಲ್ಲ. ಇದನ್ನು ಅವನು ಓದಿದ್ದ, ತನಗೆ ಅನ್ವಯಿಸಿಕೊಂಡಿರಲಿಲ್ಲ.

ಸಲಹೆಯ ವಿಷಯದಲ್ಲಿ ನಾನು ಮೆತ್ತಗಾಗಲಿಲ್ಲ. ಮಿತಿ ಹಾಕಿಕೊಂಡು ಆಡುತ್ತೇನೆ, ಕಳೆದದ್ದು ಬಂದ ಮೇಲೆ ಬಿಡುತ್ತೇನೆ ಎಂದು ಅವನು ಕೇಳಿಕೊಂಡ. ಬೇಡ, ಪೂರ್ತಿ ನಿಲ್ಲಿಸಬೇಕು ಎಂದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಜೂಜಿನ ಗೀಳಿಗೆ ಹೇಳುವ ಲಕ್ಷಣಗಳು, ಅಂದರೆ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕು ಕಂಡರೂ ಮುಂದುವರಿಸುವುದು, ಮೂರೂ ಅವನಲ್ಲಿದ್ದವು. ಕಲಿತವನಿಗೆ ಪ್ರತಿ ಸೋಲೂ "ಇನ್ನಷ್ಟು ಕಲಿಯಬೇಕು" ಎಂಬ ಕಾರಣವಾಗಿ ಒದಗುವುದರಿಂದ ಮಿತಿ ಎಂಬುದು ಅವನಿಗೆ ಇನ್ನೊಂದು ತರಗತಿಯಾಗಿಬಿಡುತ್ತದೆ.

ಸಾಲಗಳೆಲ್ಲ ಒಂದೇ ಹಾಳೆಯ ಮೇಲೆ ಅಣ್ಣನ ಎದುರಿಗೆ ಬರೆಯಬೇಕು. ಸಂಬಳದ ಖಾತೆಯ ವ್ಯವಹಾರ ಅಣ್ಣನಿಗೆ ಕಾಣುವಂತಿರಬೇಕು, ಯುಪಿಐ ಮಿತಿ ಇಳಿಸಬೇಕು. ಹಳೆಯ ಸಾಲ ತೀರಿಸಲು ಹೊಸದು ಬೇಡ. ಅಣ್ಣ ಒಮ್ಮೆಗೇ ಎಲ್ಲ ಸಾಲ ತೀರಿಸುವುದನ್ನೂ ನಾನು ಒಪ್ಪಲಿಲ್ಲ. ಅದು ಪ್ರೀತಿಯೇ, ಆದರೆ ತಮ್ಮನ ಕೈಗೆ ಮತ್ತೆ ಖಾಲಿ ಹಾಳೆ ಕೊಡುತ್ತದೆ. ವಿದೇಶಿ ಆ್ಯಪ್‌ನಲ್ಲಿ ಸಿಕ್ಕಿಬಿದ್ದ ಹಣ ಬಿಡಿಸಲು "ತೆರಿಗೆ ಕಟ್ಟಿ" ಎಂದು ಬಂದ ಸಂದೇಶಕ್ಕೆ ಬಿಡಿಗಾಸೂ ಕಳಿಸಬಾರದು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು ಎಂದೆ. ಜೈಲಿನ ಭಯದಿಂದ ಇಬ್ಬರೂ ಹಿಂಜರಿದರು. ಆ ಕಾಯ್ದೆಯ ಶಿಕ್ಷೆ ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ ಇದೆ, ಆಡಿದವನಿಗೆ ಇಲ್ಲ ಎಂದು ತಿಳಿಸಬೇಕಾಯಿತು. ಸಾಯುವ ಯೋಚನೆ ಬಂದಿದೆಯೇ ಎಂದು ತಮ್ಮನನ್ನು ನೇರವಾಗಿಯೇ ಕೇಳಿದೆ, ಬಂದಿತ್ತು ಎಂದ. ಅಂದೇ ಮನೋವೈದ್ಯರ ಬಳಿ ಕಳಿಸಿದೆ, ಅಪರಾತ್ರಿಯ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅತ್ತಿಗೆಯ ಫೋನ್‌ನಲ್ಲೂ ಉಳಿಸಿಸಿದೆ. ಸಾಲದಲ್ಲಿರುವ ಯಾರನ್ನೂ ಈ ಪ್ರಶ್ನೆ ಕೇಳದೆ ಕಳಿಸಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಂತುಗಳು ನಡೆಯುತ್ತಿವೆ, ಆ್ಯಪ್ ಹೋಗಿದೆ. ಒಂದು ವಿಷಯ ಮಾತ್ರ ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಹಣವಿಲ್ಲದೆ, ದೊಡ್ಡ ಆಟಗಾರರ ಪಂದ್ಯಗಳ ವಿಡಿಯೊ ನೋಡುವುದಕ್ಕೇನು ಅಡ್ಡಿ ಎಂದು ಅವನ ವಾದ. ಆ ಪ್ರಸಾರಗಳಲ್ಲಿ ಎಲ್ಲರ ಮುಚ್ಚಿದ ಎಲೆಗಳನ್ನೂ ನೋಡುಗನಿಗೆ ಮೊದಲೇ ತೋರಿಸಿರುತ್ತಾರೆ; ತೋರಿಸಿದ್ದನ್ನು ತಾನೇ ಓದಿದೆನೆಂಬ ಭ್ರಮೆ ಅಲ್ಲಿ ಇನ್ನೂ ಸುಲಭವಾಗಿ ಹುಟ್ಟುತ್ತದೆ ಎಂದು ನಾನು ಬೇಡವೆಂದಿದ್ದೇನೆ. ಅವನು ಇನ್ನೂ ಒಪ್ಪಿಲ್ಲ.